ನಂಬರು ಹೊಂದಿದ ಮೇಲಿನ ಕತೆ

ಲಾಟರಿಯ ಬಗ್ಗೆ ಬರೆದ ದೊಡ್ಡ ಕತೆಗಾರರಲ್ಲಿ ನಾನೊಂದು ಚಾಳಿ ಗಮನಿಸಿದ್ದೇನೆ. ಟಿಕೆಟ್ಟು ಕೊಳ್ಳಿಸುತ್ತಾರೆ, ಮನೆಮಂದಿಯನ್ನೆಲ್ಲ ಕನಸಿಗೆ ಹಚ್ಚುತ್ತಾರೆ, ಕನಸು ಹುಳಿಯೊಡೆದು ಜಗಳವಾಗುವವರೆಗೆ ಕಾಯುತ್ತಾರೆ, ಕೊನೆಗೆ ನಂಬರು ತಪ್ಪಿಸಿಬಿಡುತ್ತಾರೆ. ಚೆಕಾಫ್ ಹಾಗೆ ಮಾಡಿದ. ಪ್ರೇಮಚಂದರೂ ಹಾಗೆಯೇ ಮಾಡಿದರು. ಹಣ ಬರುವುದೇ ಇಲ್ಲವಾದ್ದರಿಂದ ಅದನ್ನು ಹಂಚುವ ಕಷ್ಟ ಕತೆಗಾರನಿಗೂ ಇಲ್ಲ, ಓದುಗನಿಗೂ ಇಲ್ಲ. ನಾವು ನಕ್ಕು, ‘ಎಂಥ ದುರಾಸೆಯ ಜನ’ ಎಂದು ಪುಸ್ತಕ ಮುಚ್ಚಬಹುದು.

ಈಚೆಗೆ ಪ್ರೇಮಚಂದರ ‘ಲಾಟರಿ’ ಕತೆಯನ್ನು ಮತ್ತೆ ಓದಿದೆ. ಬಡ ಉಪಾಧ್ಯಾಯನಾದ ನಿರೂಪಕ, ಅವನ ಗೆಳೆಯ ವಿಕ್ರಮ. ಇಬ್ಬರೂ ಐದೈದು ರೂಪಾಯಿ ಹೊಂದಿಸಿ ಹತ್ತು ರೂಪಾಯಿಯ ಟಿಕೆಟ್ಟು ಕೊಳ್ಳುತ್ತಾರೆ. ಬಹುಮಾನ ಹತ್ತು ಲಕ್ಷ. ಟಿಕೆಟ್ಟು ಇರುವುದು ವಿಕ್ರಮನ ಹೆಸರಿನಲ್ಲಿ. ಅತ್ತ ವಿಕ್ರಮನ ಮನೆಯಲ್ಲಿ ಹಿರಿಯರು ಒಬ್ಬೊಬ್ಬರಾಗಿ ತಮ್ಮದೇ ಟಿಕೆಟ್ಟು ಕೊಂಡುಕೊಂಡಿದ್ದಾರೆ. ಪೂಜೆ ಪುನಸ್ಕಾರವನ್ನು ಗೇಲಿ ಮಾಡುತ್ತಿದ್ದ ಠಾಕೂರ ಸೋದರರಿಬ್ಬರಿಗೂ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿದೆ. ವಿಕ್ರಮನ ಅಣ್ಣ ಪ್ರಕಾಶ, ಬಂದವರ ಮೇಲೆ ಕಲ್ಲೆಸೆಯುವ ಬಾಬಾ ಒಬ್ಬರ ಬಳಿ ಹೋಗಿ ಏಟು ತಿಂದು, ರಕ್ತ ಸುರಿಸಿಕೊಂಡು, ಗೆದ್ದೆನೆಂಬ ಸಂತೋಷದಲ್ಲಿ ಮನೆಗೆ ಬರುತ್ತಾನೆ. ಕೊನೆಗೆ ಬಹುಮಾನ ಹೋಗುವುದು ಅಮೆರಿಕದಲ್ಲಿರುವ ಯಾರೋ ಒಬ್ಬ ಕರಿಯನಿಗೆ.

ಮೂಢನಂಬಿಕೆ ಮತ್ತು ದುರಾಸೆಯ ವಿಡಂಬನೆ ಎಂದು ಈ ಕತೆಯನ್ನು ಓದುವುದು ರೂಢಿ. ಕಲ್ಲೆಸೆಯುವ ಬಾಬಾ ಎಷ್ಟು ನಗಿಸುತ್ತಾನೆಂದರೆ ಬೇರೆ ಓದಿಗೆ ಅವನು ಜಾಗ ಕೊಡುವುದೇ ಇಲ್ಲ. ಆದರೆ ನನ್ನ ಪಾಲಿಗೆ ಕತೆಯ ಜೀವ ಇರುವುದು ಬಾಬಾನ ಬಳಿ ಅಲ್ಲ. ವಿಕ್ರಮನ ತಂಗಿ ಕುಂತಿ, ಹನ್ನೊಂದು ವರ್ಷದವಳು, ಓಡಿಬಂದು ಒಳಮನೆಯ ಜಗಳದ ಸುದ್ದಿ ಹೇಳುತ್ತಾಳಲ್ಲ, ಅಲ್ಲಿ. ಠಾಕೂರ ಸೋದರರಿಬ್ಬರೂ ಬಾರದ ಹಣಕ್ಕೆ ಕಚ್ಚಾಡುತ್ತಿದ್ದಾರೆ. ಒಟ್ಟು ಕುಟುಂಬದಲ್ಲಿ ಯಾರು ಎಲ್ಲಿಂದ ಏನು ತಂದರೂ ಅದು ಎಲ್ಲರದು ಎಂಬುದು ಒಂದು ವಾದ. ಟಿಕೆಟ್ಟು ಯಾರ ಹೆಸರಲ್ಲಿದೆಯೋ ಹಣ ಅವರದು ಎಂಬುದು ಇನ್ನೊಂದು. ಈ ಜಗಳವನ್ನು ಕೇಳುತ್ತ ಕೇಳುತ್ತ ನಿರೂಪಕನ ಎದೆಯಲ್ಲೂ ಒಂದು ಹುಳ ಹೊಕ್ಕುತ್ತದೆ: ಒಡಹುಟ್ಟಿದವರೇ ಹೀಗಾದರೆ, ಬರೀ ಗೆಳೆಯನಾದ ನನ್ನ ಪಾಲಿನ ಗತಿ ಏನು? ನನ್ನದು ಅರ್ಧ ಎನ್ನುವುದಕ್ಕೆ ಒಂದು ಚೂರು ಕಾಗದವೂ ಇಲ್ಲವಲ್ಲ?

ಈ ಹುಳವನ್ನೇ ನಾವು ದುರಾಸೆ ಎನ್ನುತ್ತೇವೆ. ನನಗೆ ಒಪ್ಪಿಗೆಯಿಲ್ಲ. ಐದು ರೂಪಾಯಿ ಕೊಟ್ಟವನು ಐದು ರೂಪಾಯಿಗೆ ಒಂದು ಗುರುತು ಬೇಕು ಎಂದುಕೊಳ್ಳುವುದು ಆಸೆಬುರುಕತನ ಹೇಗಾಗುತ್ತದೆ? ಅವನು ವಿಕ್ರಮನ ಪಾಲಿನಲ್ಲಿ ಒಂದು ಕಾಸನ್ನೂ ಬಯಸಿಲ್ಲ. ಆದರೂ ಆ ಮಾತನ್ನು ಎತ್ತಬೇಕಾದರೆ ಅವನಿಗೆ ಹಿಂಜರಿಕೆ. ನಂಬಿಕೆ ಇರುವಲ್ಲಿ ಬರಹ ಕೇಳುವುದು ಅವಮಾನ ಎಂಬ ಅಲಿಖಿತ ಕಾನೂನೊಂದು ನಮ್ಮಲ್ಲಿದೆ. ಅದರಿಂದ ಯಾವಾಗಲೂ ಲಾಭವಾಗುವುದು ಯಾರ ಹೆಸರಲ್ಲಿ ಟಿಕೆಟ್ಟಿದೆಯೋ ಅವರಿಗೆ. ಪ್ರೇಮಚಂದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಆ ತಂತಿಯನ್ನು ಇನ್ನೂ ಸ್ವಲ್ಪ ಬಿಗಿಮಾಡುವ ಹೊತ್ತಿಗೆ ಅವರು ಅಮೆರಿಕದ ಸುದ್ದಿ ತಂದು ಎಲ್ಲರನ್ನೂ ನಗಿಸಿ ಮನೆಗೆ ಕಳಿಸಿದರು. ಆ ಕೊನೆ ಜಾಣತನದ್ದು, ನಿಜ. ಆದರೆ ಅಷ್ಟೇ ಅನುಕೂಲದ್ದೂ ಹೌದು.

ಠಾಕೂರರ ಜಗಳ ಬರೀ ಹಾಸ್ಯವಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅವರಿಬ್ಬರೂ ಆಡುತ್ತಿರುವುದು ಕೋರ್ಟಿನ ಭಾಷೆ, ಆ ಭಾಷೆಯ ಬೇರು ಇರುವುದು ನಮ್ಮ ಬಸವಕಲ್ಯಾಣದಲ್ಲಿ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ (1076–1126) ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿಯ ಲೆಕ್ಕ ಶತಮಾನಗಳ ಕಾಲ ನಡೆದದ್ದು ಅದರ ಪ್ರಕಾರ. ತಂದೆಯ ಸೊತ್ತಿಗೆ ನಷ್ಟವಾಗದಂತೆ ಒಬ್ಬ ಗಳಿಸಿದ್ದರಲ್ಲಿ ದಾಯಾದಿಗಳಿಗೆ ಪಾಲಿಲ್ಲ ಎಂಬುದು ಸ್ಮೃತಿಯ ಮಾತು. ಗೆಳೆಯ ಕೊಟ್ಟದ್ದಿರಲಿ, ಮದುವೆಯಲ್ಲಿ ಬಂದದ್ದಿರಲಿ, ‘ತಂದೆಯ ಸೊತ್ತಿಗೆ ನಷ್ಟವಾಗದಂತೆ’ ಎಂಬ ಷರತ್ತು ಎಲ್ಲಕ್ಕೂ ಅನ್ವಯಿಸುತ್ತದೆ ಎಂದವನು ವಿಜ್ಞಾನೇಶ್ವರ. ಅಂದರೆ ಪ್ರಶ್ನೆ ‘ಯಾರು ಗೆದ್ದರು’ ಎಂಬುದಲ್ಲ, ‘ಯಾರ ದುಡ್ಡಿನಿಂದ ಆಡಿದರು’ ಎಂಬುದು. ಠಾಕೂರನ ಹತ್ತು ರೂಪಾಯಿ ಮನೆಯ ಪೆಟ್ಟಿಗೆಯಿಂದ ಬಂತೋ ಅವನ ಸ್ವಂತ ಜೇಬಿನಿಂದ ಬಂತೋ?

ಕೇಳಲಿಕ್ಕೆ ಸರಳ. ಆದರೆ ಒಟ್ಟು ಮನೆಯಲ್ಲಿ ಸ್ವಂತ ಜೇಬು ಎಂಬುದು ಎಲ್ಲಿಂದ ಶುರುವಾಗುತ್ತದೆ? ಮನೆಯ ಅನ್ನ ಉಂಡು, ಮನೆಯ ದುಡ್ಡಿನಲ್ಲಿ ಓದಿ ಕೆಲಸ ಹಿಡಿದವನ ಸಂಬಳ ಯಾರದು? 1921ರಲ್ಲಿ ಪ್ರಿವಿ ಕೌನ್ಸಿಲ್ಲಿನವರೆಗೆ ಹೋದ ಒಂದು ಮೊಕದ್ದಮೆಯಲ್ಲಿ, ಕುಟುಂಬದ ಖರ್ಚಿನಲ್ಲಿ ಓದಿ ಐಸಿಎಸ್ ಅಧಿಕಾರಿಯಾದವನ ಗಳಿಕೆಯೂ ಕುಟುಂಬದ್ದೇ ಎಂದು ತೀರ್ಪಾಯಿತು. ವಿದ್ಯಾವಂತರು ಗಾಬರಿಬಿದ್ದರು. 1930ರಲ್ಲಿ ‘ಹಿಂದೂ ಗೇನ್ಸ್ ಆಫ್ ಲರ್ನಿಂಗ್’ ಎಂಬ ಕಾಯಿದೆಯೇ ಬಂದು, ಓದಿನಿಂದ ಬಂದ ಗಳಿಕೆ ಓದಿದವನದೇ ಎಂದು ಹೇಳಬೇಕಾಯಿತು. ಪ್ರೇಮಚಂದರು ತೀರಿಕೊಂಡದ್ದು 1936ರಲ್ಲಿ. ಅವರ ಓದುಗರಿಗೆ ಠಾಕೂರರ ವಾದ ಗಾಳಿಯಲ್ಲಿ ಗುದ್ದಾಟವಾಗಿ ಕಂಡಿರಲಾರದು. ಪಕ್ಕದ ಮನೆಯ ಮಾತಾಗಿಯೇ ಕಂಡಿರಬೇಕು.

ಕುಂತಿ ಎಂಬ ಹೆಸರು ಆಕಸ್ಮಿಕವೇ ಇರಬಹುದು, ಆದರೂ ನನ್ನ ತಲೆಯಿಂದ ಹೋಗುವುದಿಲ್ಲ. ಅರ್ಜುನ ಮತ್ಸ್ಯಯಂತ್ರ ಭೇದಿಸಿ ಬಂದಾಗ, ತಂದದ್ದೇನೆಂದು ನೋಡದೆ ಎಲ್ಲರೂ ಹಂಚಿಕೊಳ್ಳಿ ಎಂದವಳು ಕುಂತಿಯಲ್ಲವೇ? ದ್ರೌಪದಿಯನ್ನು ಹಂಚಿಕೊಳ್ಳುವ ಗಳಿಕೆಯಂತೆ ಕಂಡದ್ದರ ಅನ್ಯಾಯ ಬೇರೆಯೇ ಒಂದು ಲೇಖನ ಬೇಡುತ್ತದೆ. ಇಲ್ಲಿ ಹೇಳಬೇಕಾದ್ದು ಇಷ್ಟೇ: ಒಬ್ಬ ಗೆದ್ದದ್ದು ಒಟ್ಟು ಮನೆಯದು ಎಂಬ ಈ ತೀರ್ಮಾನವನ್ನು ಕನ್ನಡದ ಆದಿಕವಿ ಒಪ್ಪಲಿಲ್ಲ. 941ರ ಸುಮಾರಿಗೆ ಬರೆದ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸುವ ಆಸ್ಥಾನಕವಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ.

ಪ್ರೇಮಚಂದರ ಕುಂತಿಗೆ ಅಂಥ ಅಧಿಕಾರವೇನೂ ಇಲ್ಲ. ಅವಳು ಸುದ್ದಿ ತರುವವಳು ಮಾತ್ರ. ಹತ್ತು ಲಕ್ಷ ಬಂದಿದ್ದರೂ, ಠಾಕೂರರ ಎರಡು ವಾದಗಳಲ್ಲಿ ಯಾವುದು ಗೆದ್ದಿದ್ದರೂ, ಅಂದಿನ ಕಾನೂನಿನಲ್ಲಿ ಅವಳು ಪಾಲುದಾರಳಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಬಂದದ್ದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ‘ಎಲ್ಲರದು’ ಎನ್ನುವ ಠಾಕೂರನ ‘ಎಲ್ಲರ’ಲ್ಲಿ ಅವಳಿಲ್ಲ. ಈ ಹುಡುಗಿಯ ಬಾಯಲ್ಲೇ ಜಗಳದ ವರದಿ ಹೇಳಿಸಿದ್ದು ಪ್ರೇಮಚಂದರ ಕೌಶಲ. ಅವಳಿಗೆ ಏನು ಅನ್ನಿಸಿತು ಎಂದು ಕೇಳದೆ ಮುಂದೆ ಹೋದದ್ದು ಕತೆಯ ಮಿತಿ.

ನಮ್ಮ ಮನೆಯಲ್ಲೂ ಇಂಥದ್ದೊಂದು ಲಾಟರಿ ಹೊಡೆದಿತ್ತು. ಟಿಕೆಟ್ಟಿನದಲ್ಲ, ಸೈಟಿನದು. ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಹೆಸರಿನಲ್ಲಿ ಒಂದು ಗೃಹನಿರ್ಮಾಣ ಸಂಘಕ್ಕೆ ಅರ್ಜಿ ಹಾಕಿದ್ದರು. ಊರಲ್ಲಿದ್ದ ಅಪ್ಪ ಠೇವಣಿಯ ಮುಕ್ಕಾಲು ಭಾಗ ಕಳಿಸಿದ್ದರು. ಚೀಟಿ ಎತ್ತಿದಾಗ ಸೈಟು ಬಂತು. ಹತ್ತು ವರ್ಷ ಅದರಲ್ಲಿ ಹುಲ್ಲು ಬೆಳೆಯಿತು, ಯಾರೂ ಮಾತಾಡಲಿಲ್ಲ. ರಿಂಗ್ ರಸ್ತೆ ಬಂದು ಬೆಲೆ ಏರಿದ ಮೇಲೆ ಮಾತು ಶುರುವಾಯಿತು. ಹೆಸರು ನನ್ನದು, ಓಡಾಡಿದವನು ನಾನು, ಕಂದಾಯ ಕಟ್ಟಿದವನು ನಾನು ಎಂದು ಚಿಕ್ಕಪ್ಪ. ದುಡ್ಡು ನನ್ನದು ಎಂದು ಅಪ್ಪ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೊನೆಗೆ ಹಿರಿಯರು ಕೂತು ಅರ್ಧರ್ಧ ಮಾಡಿದರು. ಪಾಲಿಗೆ ಬಂದದ್ದು ಪಂಚಾಮೃತ ಎಂದು ಎಲ್ಲರೂ ಊಟಕ್ಕೆ ಎದ್ದರು. ಅಪ್ಪ ಕಳಿಸಿದ ಆ ಮುಕ್ಕಾಲು ಭಾಗ ಅಮ್ಮನ ಎರಡು ಜೊತೆ ಬಳೆ ಅಡವಿಟ್ಟು ತಂದದ್ದು, ಆ ಬಳೆ ಬಿಡಿಸಿಕೊಳ್ಳಲಾಗದೆ ಮುಳುಗಿಹೋಯಿತು ಎಂಬುದು ಆ ಪಂಚಾಯಿತಿಯಲ್ಲಿ ಬರಲೇ ಇಲ್ಲ. ಅಮ್ಮ ಒಳಗೆ ಎಲೆ ಹಾಕುತ್ತಿದ್ದರು. ತಂದೆಯ ಸೊತ್ತಿಗೆ ನಷ್ಟವಾಯಿತೇ ಎಂದು ಕೇಳುವುದಕ್ಕೆ ಸ್ಮೃತಿಯಿತ್ತು. ತಾಯಿಯ ಸೊತ್ತಿಗೆ ಆದ ನಷ್ಟವನ್ನು ಕೇಳುವವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಈ ಕಾರಣಕ್ಕೇ ಚೆಕಾಫನ ‘ಲಾಟರಿ ಟಿಕೆಟ್’ (1887) ನನಗೆ ಮೊದಲಿನಷ್ಟು ರುಚಿಸುವುದಿಲ್ಲ. ವರ್ಷಕ್ಕೆ 1200 ರೂಬಲ್‌ಗಳ ವರಮಾನದ ಸಂಸಾರಸ್ಥ ಇವಾನ್ ದ್ಮಿತ್ರಿಚ್. ಟಿಕೆಟ್ಟು ಅವನ ಹೆಂಡತಿ ಮಾಷಾಳದು. ಪತ್ರಿಕೆಯಲ್ಲಿ ಸರಣಿಯ ಸಂಖ್ಯೆ 9499 ಹೊಂದಿದೆ. ಟಿಕೆಟ್ಟಿನ ಸಂಖ್ಯೆ 26 ಹೊಂದಿದೆಯೇ ಎಂದು ನೋಡುವ ಮೊದಲು ಇಬ್ಬರೂ ಬೇಕೆಂದೇ ತಡೆದು, 75,000 ರೂಬಲ್‌ಗಳ ಕನಸನ್ನು ಚಪ್ಪರಿಸುತ್ತಾರೆ. ಎಸ್ಟೇಟು, ಅಣಬೆ, ಸ್ನಾನ, ಪರದೇಶ ಪ್ರಯಾಣ. ಪ್ರಯಾಣಕ್ಕೆ ಬಂದಾಗ ಇವಾನನಿಗೆ ಹೆಂಡತಿ ಜೊತೆಯಲ್ಲಿ ಬರುವುದು ಬೇಡ ಅನ್ನಿಸುತ್ತದೆ. ಟಿಕೆಟ್ಟು ಅವಳದು, ತನಗೆ ಕೊಡುವಾಗ ಕಾಸು ಕಾಸಿಗೂ ಲೆಕ್ಕ ಹಾಕುತ್ತಾಳೆ, ಸುದ್ದಿ ತಿಳಿದರೆ ಅವಳ ಬಂಧುಗಳು ಹಿಂಡುಗಟ್ಟಿ ಬರುತ್ತಾರೆ ಎಂದೆಲ್ಲ ಯೋಚಿಸುತ್ತ ದ್ವೇಷಿಸತೊಡಗುತ್ತಾನೆ. ಅವಳೂ ಅವನ ಮುಖ ಓದಿ ದ್ವೇಷಿಸುತ್ತಾಳೆ. ಅವಳಿಗೆ ಉರಿಸಲೆಂದೇ ಅವನು ಪತ್ರಿಕೆ ನೋಡುತ್ತಾನೆ: 46, 26 ಅಲ್ಲ.

ಐದಾರು ಪುಟದಲ್ಲಿ ಒಂದು ದಾಂಪತ್ಯವನ್ನು ಬಿಚ್ಚಿಡುವ ಕಸುಬು ಯಾರಿಗೂ ಬೆರಗು ತರಬೇಕು. ಆದರೆ ಇಡೀ ಕತೆ ಇವಾನನ ತಲೆಯೊಳಗೇ ನಡೆಯುತ್ತದೆ. ಮಾಷಾಳಿಗೂ ಅವಳದೇ ಕನಸುಗಳಿದ್ದವು ಎಂದು ಚೆಕಾಫ್ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಆ 1200ರಲ್ಲಿ ಮನೆ ನಡೆಸಿ, ಅದರೊಳಗೆ ಟಿಕೆಟ್ಟಿಗೆ ಅವಳು ಹೇಗೆ ಉಳಿಸಿದಳು? ಅವನ ಗಳಿಕೆಯಿಂದ ಕೊಂಡದ್ದೆಂದು ಅವನಿಗೆ ಹಕ್ಕಿದೆಯೇ, ಅವಳ ಮಿತವ್ಯಯದಿಂದ ಉಳಿದದ್ದೆಂದು ಅವಳಿಗೋ? ನಂಬರು ಹೊಂದಿದ್ದರೆ ಮರುದಿನ ಬೆಳಿಗ್ಗೆ ಕೇಳಲೇಬೇಕಾಗಿದ್ದ ಪ್ರಶ್ನೆಗಳಿವು.

ನಂಬರು ಹೊಂದಿಸಿಯೇ ಕತೆ ಶುರುಮಾಡಿದ ಧೈರ್ಯ ನನಗೆ ಕಾಣುವುದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ (2013). ಅದರಲ್ಲಿ ಲಾಟರಿ ಇಲ್ಲ ಎನ್ನುವಿರಿ, ಸರಿ. ಸೋನಾ ಮಸಾಲೆ ಎಂಬ ವ್ಯಾಪಾರವಿದೆ. ಆದರೆ ಆ ಮನೆಗೆ ಹಣ ಬಂದ ವೇಗ ಲಾಟರಿಯದೇ. ಇರುವೆ ಮುತ್ತುವ ಪುಟ್ಟ ಬಾಡಿಗೆ ಮನೆಯಿಂದ ದೊಡ್ಡ ಮನೆಗೆ, ಒಂದೊಂದು ವಸ್ತುವನ್ನೂ ಎಣಿಸಿ ಕೊಳ್ಳುತ್ತಿದ್ದವರು ಎಣಿಸದೆ ಕೊಳ್ಳುವ ಸ್ಥಿತಿಗೆ. ಟಿಕೆಟ್ಟಿನ ದುಡ್ಡು ಯಾರದು? ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್ ಕೆಲಸದಿಂದ ಬಿಡುಗಡೆಯಾದಾಗ ಕೈಗೆ ಬಂದ ಹಣ. ಓಡಾಟ ಯಾರದು? ಚಿಕ್ಕಪ್ಪನದು. ವ್ಯಾಪಾರದಲ್ಲಿ ಅಪ್ಪನಿಗೆ ಅರ್ಧ, ಚಿಕ್ಕಪ್ಪನಿಗೆ ಅರ್ಧ. ಉಳಿದವರಿಗೆ ಪಾಲಿಲ್ಲ, ಪಾಲನೆ ಇದೆ.

ಲಾಟರಿ ಕತೆಗಳಲ್ಲೆಲ್ಲ ಜಗಳ ಕೇಳಿಸಿದರೆ ಇಲ್ಲಿ ಕೇಳಿಸುವುದು ಒಂದು ವಿಚಿತ್ರ ಒಗ್ಗಟ್ಟು. ಈ ಮನೆಯಲ್ಲಿ ಹಣಕ್ಕಾಗಿ ಯಾರೂ ಕಿತ್ತಾಡುವುದಿಲ್ಲ. ಚಿಕ್ಕಪ್ಪನ ಊಟ, ಚಹಾ, ನಿದ್ದೆಯ ಸುತ್ತ ಮನೆ ತಿರುಗುತ್ತದೆ. ಅವನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಅಮ್ಮ ಮತ್ತು ಮಾಲತಿ ಬೈದು ಓಡಿಸುತ್ತಾರೆ. ಅವಳು ಒಳಗೆ ಬಂದರೆ ಪಾಲಿನ ಲೆಕ್ಕ ಬದಲಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅರ್ಧದ ಒಡೆಯನಾದ ಅಪ್ಪನ ಬಗ್ಗೆಯೂ ಇಂಥದೇ ಒಂದು ಕಳವಳ: ಅವನು ಉಯಿಲು ಬರೆದು ತನ್ನ ಪಾಲನ್ನು ಎಲ್ಲಾದರೂ ದಾನ ಮಾಡಿಬಿಟ್ಟರೆ? ಮನೆಯಲ್ಲಿ ಹಳೆಯ ಬಡತನದ ಶಿಸ್ತನ್ನು ಉಳಿಸಿಕೊಂಡಿರುವವನು ಅವನೊಬ್ಬನೇ. ಆದ್ದರಿಂದಲೇ ಅವನೆಂದರೆ ಎಲ್ಲರಿಗೂ ಭಯ.

ನಿರೂಪಕನಿಗೆ ಕಂಪನಿಯ ಡೈರೆಕ್ಟರ್ ಎಂಬ ಹೆಸರು, ತಿಂಗಳಾದರೆ ಖಾತೆಗೆ ಸಂಬಳ, ಕೆಲಸ ಮಾತ್ರ ಏನೂ ಇಲ್ಲ. ಅವನು ಕಾಫಿ ಹೌಸಿನಲ್ಲಿ ವಿನ್ಸೆಂಟನೆದುರು ಕೂತಿರುತ್ತಾನೆ. ಇದು ಯಾರ ದುಡ್ಡು, ನೀನು ಗಳಿಸಿದ್ದೇ ಎಂದು ಕೇಳುವವಳು ಹೆಂಡತಿ ಅನಿತಾ. ಮದುವೆಯಾಗಿ ಬಂದ ಹೊರಗಿನವಳು, ಮೇಷ್ಟರ ಮಗಳು. ಅವಳು ತನಗೆ ಪಾಲು ಬೇಕೆಂದು ಕೇಳಿದವಳಲ್ಲ ಎಂಬುದನ್ನು ಗಮನಿಸಬೇಕು. ಅವಳು ಕೇಳಿದ್ದು ಲೆಕ್ಕ. ಪ್ರೇಮಚಂದರ ಉಪಾಧ್ಯಾಯ ಕೇಳಲು ಹಿಂಜರಿದದ್ದನ್ನೇ ಇವಳು ಊಟದ ಮೇಜಿನಲ್ಲಿ ಕೇಳುತ್ತಾಳೆ. ಆಮೇಲೆ ಅವಳಿಗೇನಾಗಬಹುದು ಎಂಬ ಅನುಮಾನದ ನೆರಳಿನಲ್ಲೇ ಕತೆ ನಿಂತುಬಿಡುತ್ತದೆ.

ಶ್ರೀಮಂತಿಕೆ ಮನುಷ್ಯರನ್ನು ಕೆಡಿಸಿತು ಎಂದು ಈ ಕಾದಂಬರಿಯನ್ನು ಓದುವವರಿದ್ದಾರೆ. ಹಾಗೆ ಓದಿದರೆ ಇರುವೆಯ ಮನೆ ಸ್ವರ್ಗ, ದೊಡ್ಡ ಮನೆ ನರಕ ಎಂದಾಗುತ್ತದೆ. ಶಾನಭಾಗರು ಅಷ್ಟು ಸುಲಭದ ಲೇಖಕರಲ್ಲ. ಹಳೆಯ ಮನೆಯಲ್ಲೂ ಒಗ್ಗಟ್ಟಿನ ಹೆಸರಿನಲ್ಲಿ ಪ್ರಶ್ನೆಗಳನ್ನು ನುಂಗಲಾಗುತ್ತಿತ್ತು, ಇರುವೆಗಳನ್ನು ಸಾಯಿಸುವುದರಲ್ಲಿ ಎಲ್ಲರೂ ಒಂದಾಗಿ ಸುಖಪಡುತ್ತಿದ್ದರು. ಆಗ ಹಂಚಲು ಏನೂ ಇರಲಿಲ್ಲವಾದ್ದರಿಂದ ಅದು ಪ್ರೀತಿಯಂತೆ ಕಂಡಿತು. ಹಣ ಬಂದದ್ದರಿಂದ ಈ ಮನೆ ಬದಲಾಗಲಿಲ್ಲ, ಓದಲು ಬರುವಂತಾಯಿತು.

ಕೃತಿಯ ಬಗ್ಗೆ ನನಗೊಂದು ತಕರಾರಿದೆ. ಅನಿತಾಳ ಪ್ರಶ್ನೆಗೆ ಉತ್ತರವಾಗಿ ಹಿಂಸೆಯ ಸುಳಿವನ್ನು ತಂದ ತಕ್ಷಣ ಓದುಗ ನಡುಗುತ್ತಾನೆ, ನಡುಗಿದವನು ಲೆಕ್ಕ ಮರೆಯುತ್ತಾನೆ. ಹಿಂಸೆಯಿಲ್ಲದೆ, ಬರೀ ಒಂದು ವಿಭಾಗಪತ್ರದ ಮುಂದೆ ಈ ಆರು ಮಂದಿಯನ್ನು ಕೂರಿಸಿದ್ದರೆ? ಅಪ್ಪನ ನಿವೃತ್ತಿಯ ಹಣ, ಚಿಕ್ಕಪ್ಪನ ನಿದ್ದೆಗೆಟ್ಟ ರಾತ್ರಿಗಳು, ಅಮ್ಮನ ಅಡುಗೆಮನೆ, ಇವನ್ನು ಒಂದೇ ತಕ್ಕಡಿಯಲ್ಲಿ ತೂಗುವ ಸಾಲೊಂದನ್ನು ಬರೆಯಬೇಕಾಗಿ ಬಂದಿದ್ದರೆ? ರಕ್ತಕ್ಕಿಂತ ಆ ಸ್ಟಾಂಪು ಕಾಗದ ಹೆಚ್ಚು ಭಯಾನಕವಾಗಿರುತ್ತಿತ್ತು ಎಂದು ನನ್ನ ಗುಮಾನಿ.

ಕರ್ನಾಟಕದಲ್ಲಿ 2007ರ ಏಪ್ರಿಲಿನಿಂದ ಲಾಟರಿ ನಿಷೇಧವಾಗಿದೆ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ನಡೆಸುತ್ತಿದೆ, ಗಡಿ ದಾಟಿ ಕೊಂಡು ತರುವವರು ನಮ್ಮಲ್ಲಿ ಬೇಕಾದಷ್ಟು ಜನ. ಅಲ್ಲಿಯ ಟಿಕೆಟ್ಟಿನ ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಲು ಜಾಗವಿರುತ್ತದೆ. ಒಟ್ಟಾಗಿ ದುಡ್ಡು ಹಾಕಿ ಕೊಂಡ ಮನೆಯವರ ಎಷ್ಟೋ ಪ್ರೀತಿ ಆ ಒಂದೂವರೆ ಇಂಚಿನ ಜಾಗದಲ್ಲಿ ಇಕ್ಕಟ್ಟಿಗೆ ಬೀಳುತ್ತದೆ. ಮೇಲಿಂದ ಏಜೆಂಟರ ಕಮಿಷನ್ ಹೋಗುತ್ತದೆ, ಶೇಕಡಾ 30ರ ಆದಾಯ ತೆರಿಗೆ ಹೋಗುತ್ತದೆ. ಆದರೆ ನೆಂಟರ ಕಿವಿಗೆ ಬೀಳುವುದು ಪತ್ರಿಕೆಯಲ್ಲಿ ಬಂದ ಪೂರ್ತಿ ಮೊತ್ತ. ಇಲ್ಲದ ಮೂರನೇ ಒಂದು ಭಾಗಕ್ಕೂ ಅವರು ಪಾಲು ಲೆಕ್ಕಹಾಕಿರುತ್ತಾರೆ. ಕತೆಗಾರನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಏನು ಬೇಕು?

2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಡಿಯಲ್ಲಿ ಮನೆಮನೆಯ ಕಸ ಸಂಗ್ರಹಿಸುವ ಹನ್ನೊಂದು ಮಂದಿ ಹೆಂಗಸರು ಸೇರಿ 250 ರೂಪಾಯಿಯ ಮಾನ್ಸೂನ್ ಬಂಪರ್ ಟಿಕೆಟ್ಟು ಕೊಂಡರು. ಹತ್ತು ಕೋಟಿ ಬಂತು. ಒಂಬತ್ತು ಮಂದಿ 25 ರೂಪಾಯಿ ಹಾಕಿದ್ದರು. ಉಳಿದಿಬ್ಬರ ಬಳಿ ಅಷ್ಟಿರಲಿಲ್ಲ, ಇಬ್ಬರೂ ಸೇರಿ ಒಂದು ಪಾಲು ಹಾಕಿದರು, ತಲಾ ಹನ್ನೆರಡೂವರೆ. ಇವರು ರಕ್ತಸಂಬಂಧಿಗಳಲ್ಲ, ಕೆಲಸದ ಜೊತೆಗಾರರು. ಯಾರು ಎಷ್ಟು ಕೊಟ್ಟರೆಂಬುದು ಪತ್ರಿಕೆಗಳಲ್ಲಿ ಪೈಸೆ ಸಮೇತ ಬಂತು. ಒಡಹುಟ್ಟಿದ ಇಬ್ಬರು ಠಾಕೂರರಿಗಾಗಲಿ, ಸೋನಾ ಮಸಾಲೆಯ ಮನೆಗಾಗಲಿ, ನಮ್ಮ ಪಡಸಾಲೆಗಾಗಲಿ ಸಾಧ್ಯವಾಗದ ಸ್ಪಷ್ಟತೆ ಅದು. ಹಾಗೆಂದು ಪ್ರಶ್ನೆ ತೀರಲಿಲ್ಲ. ಆ ಇಬ್ಬರಿಗೆ ಸಲ್ಲಬೇಕಾದ್ದು ಅರ್ಧ ಪಾಲೋ, ಪೂರ್ತಿ ಪಾಲೋ? ಅರ್ಧವೆಂದರೆ ಲೆಕ್ಕ ಸರಿ. ಆದರೆ ಕೈಯಲ್ಲಿ ಇದ್ದದ್ದನ್ನೇ ತೆಗೆದುಕೊಟ್ಟವರ ಹನ್ನೆರಡೂವರೆ, ಉಳಿದವರ ಇಪ್ಪತ್ತೈದಕ್ಕಿಂತ ಕಡಿಮೆಯೇ? ಈ ಎರಡು ಪ್ರಶ್ನೆಗಳ ನಡುವೆ ಒಂದು ಕತೆಯಿದೆ. ಕನ್ನಡದಲ್ಲಿ ಯಾರಾದರೂ ಬರೆದರೆ ಮೊದಲು ಓದುವವನು ನಾನು. ನಂಬರನ್ನು ಮಾತ್ರ ತಪ್ಪಿಸಬಾರದು.